ಹಳೆಯ ಟ್ರಾಕ್ಟರಿನ ಆಯಿಲ್ ಮೀಟರ್ ಮುಳ್ಳು ಕೆಳಗಿಳಿದರೆ ಎಂಜಿನ್ ಬೋರಿಗೆ ಬಂದಂತೆಯೇ?

ಸಂಕ್ಷಿಪ್ತವಾಗಿ

ಹಳೆಯ ಟ್ರಾಕ್ಟರಿನ ಆಯಿಲ್ ಪ್ರೆಶರ್ ಮೀಟರ್ ಕಡಿಮೆ ತೋರಿಸಿದರೆ ಎಂಜಿನ್ ಬೋರಿಗೆ ಬಂದಿದೆ, ಪೂರ್ತಿ ಬಿಚ್ಚಲೇಬೇಕು ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ದಪ್ಪ ಆಯಿಲ್ ಹಾಕಿದರೆ ಸಾಕು, ಮುಳ್ಳು ಮೇಲೇಳುತ್ತದೆ ಎಂಬ ಮಾತೂ ಅಷ್ಟೇ ಸಾಮಾನ್ಯ. ಇವೆರಡನ್ನೂ ನಾವು ಪರಿಶೀಲಿಸಿದೆವು. ಮೊದಲನೆಯದು ಕೆಲವೊಮ್ಮೆ ಮಾತ್ರ ನಿಜ, ಎರಡನೆಯದು ಅರ್ಧ ಸತ್ಯ. ಕೆಳಗಿಳಿದ ಮುಳ್ಳು ರೋಗವಲ್ಲ, ರೋಗಲಕ್ಷಣ. ಅದರ ಹಿಂದೆ ಕೆಟ್ಟ ಮೀಟರಿನಿಂದ ಹಿಡಿದು ಸವೆದ ಬೇರಿಂಗ್‌ವರೆಗೆ ಹಲವು ಕಾರಣಗಳಿರಬಹುದು. ಕಡಿಮೆ ಖರ್ಚಿನ ಪರೀಕ್ಷೆಯಿಂದ ಆರಂಭಿಸಿ ಒಂದೊಂದಾಗಿ ಮುಂದುವರಿದರೆ ಎಂಜಿನ್ನೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಆದರೆ ಕಾರಣ ತಿಳಿಯುವವರೆಗೆ ಎಂಜಿನ್ ಓಡಿಸಬಾರದು.

ಈ ಪ್ರಶ್ನೆ ನಮಗೆ ಬಂದದ್ದು ಹೇಗೆ?

ನಮ್ಮ ತಂಡದ ಒಬ್ಬರ ದೊಡ್ಡಪ್ಪ ಹಾವೇರಿ ಕಡೆಯ ರೈತರು. ಅವರ ಮನೆಯಲ್ಲಿ ಮೂರು ಸಿಲಿಂಡರಿನ ಹಳೆಯ ಡೀಸೆಲ್ ಟ್ರಾಕ್ಟರ್ ಇದೆ. ಮೃಗಶಿರ ಮಳೆ ಹಿಡಿದು, ಗೋವಿನಜೋಳದ ಬಿತ್ತನೆಗೆ ಹೊಲ ಹದವಾದ ವಾರದಲ್ಲೇ ಅದರ ಆಯಿಲ್ ಮೀಟರಿನ ಮುಳ್ಳು ತಳ ಕಂಡಿತು. ದೊಡ್ಡಪ್ಪ ಫೋನ್ ಮಾಡಿದರು: "ಮುಳ್ಳು ಏಳವಲ್ದು. ಮೇಸ್ತ್ರಿ ನೋಡಿದ, ಎಂಜಿನ್ ಬೋರಿಗೆ ಬಂದೈತಿ ಅಂದ. ಬಿತ್ತೂ ಹೊತ್ತಿನ್ಯಾಗ ಎಂಜಿನ್ ಬಿಚ್ಚಿ ಕುಂತ್ರ ಹೆಂಗ? ನಿಮ್ಮ ಕಡೆ ಯಾರರ ತಿಳದವ್ರು ಇದ್ರ ಕೇಳಿ ಹೇಳು."

ಎಂಜಿನ್ ಬಿಚ್ಚಿದರೆ ಬಿತ್ತನೆಯ ಹದ ತಪ್ಪುತ್ತದೆ, ದೊಡ್ಡ ಖರ್ಚೂ ಬೀಳುತ್ತದೆ. ಮುಳ್ಳನ್ನು ಕಡೆಗಣಿಸಿ ಓಡಿಸಿದರೆ ಕ್ರ್ಯಾಂಕ್ ಶಾಫ್ಟೇ ಹಾಳಾಗಬಹುದು. ಹಾಗಾದರೆ ರೈತರು ಏನನ್ನು ನಂಬಬೇಕು? ಇದನ್ನು ತಿಳಿಯಲು ಮೊದಲು ಆ ಮೀಟರ್ ನಿಜವಾಗಿ ಏನು ಹೇಳುತ್ತಿದೆ ಎಂದು ನೋಡೋಣ.

ಆಯಿಲ್ ಮೀಟರ್ ಏನನ್ನು ಅಳೆಯುತ್ತದೆ?

ಎಂಜಿನ್ನಿನ ಕೆಳಗಿರುವ ಚೇಂಬರಿನಲ್ಲಿ, ಅಂದರೆ ಸಂಪ್‌ನಲ್ಲಿ ಆಯಿಲ್ ತುಂಬಿರುತ್ತದೆ. ಪಂಪ್ ಅದನ್ನು ಒಂದು ಜಾಲರಿಯ ಮೂಲಕ ಹೀರಿ ಫಿಲ್ಟರಿಗೆ ದೂಡುತ್ತದೆ. ಫಿಲ್ಟರ್ ದಾಟಿದ ಆಯಿಲ್ ಎಂಜಿನ್ ಬ್ಲಾಕಿನ ಉದ್ದಕ್ಕೂ ಕೊರೆದಿರುವ ಮುಖ್ಯ ನಾಳಕ್ಕೆ ಬರುತ್ತದೆ. ಇದನ್ನು ಗ್ಯಾಲರಿ ಎನ್ನುತ್ತಾರೆ. ಅಲ್ಲಿಂದ ಮೇನ್ ಬೇರಿಂಗ್‌ಗಳಿಗೆ, ಕ್ರ್ಯಾಂಕ್ ಶಾಫ್ಟಿನ ಒಳಗಿನ ರಂಧ್ರಗಳ ಮೂಲಕ ಕನೆಕ್ಟಿಂಗ್ ರಾಡಿನ ಬೇರಿಂಗ್‌ಗಳಿಗೆ, ಕ್ಯಾಮ್ ಶಾಫ್ಟಿಗೆ, ಮೇಲಿನ ರಾಕರ್‌ಗಳಿಗೆ ಹರಿದು, ಕೊನೆಗೆ ಮತ್ತೆ ಚೇಂಬರಿಗೆ ಸುರಿಯುತ್ತದೆ. ಮೀಟರಿನ ಸಣ್ಣ ಕೊಳವೆ ಸಾಮಾನ್ಯವಾಗಿ ಈ ಗ್ಯಾಲರಿಗೆ ಜೋಡಿಸಿರುತ್ತದೆ.

ಹಳೆಯ ಟ್ರಾಕ್ಟರುಗಳ ಮೀಟರಿನೊಳಗೆ ಬಾಗಿದ ಚಪ್ಪಟೆ ಕೊಳವೆಯೊಂದು ಇರುತ್ತದೆ. ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೌರ್ಡನ್ 1849ರಲ್ಲಿ ಪೇಟೆಂಟ್ ಪಡೆದ ವಿಧಾನವಿದು. ಸರಳವಾಗಿರುವುದರಿಂದಲೇ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ಹೆಚ್ಚಿನವರು ತಪ್ಪಾಗಿ ತಿಳಿಯುವ ಸಂಗತಿ ಒಂದಿದೆ. ಪಂಪ್ ಮಾಡುವ ಕೆಲಸ ಆಯಿಲ್ ಹರಿಸುವುದು. ಆ ಹರಿವಿಗೆ ಎದುರಾಗುವ ಅಡ್ಡಿಯಿಂದ ಒತ್ತಡ ಹುಟ್ಟುತ್ತದೆ. ಹೊಲದ ಸ್ಪ್ರಿಂಕ್ಲರ್ ಸೆಟ್ ನೆನಪಿಸಿಕೊಳ್ಳಿ. ಪೈಪು ಎಲ್ಲೋ ಒಂದು ಕಡೆ ಒಡೆದರೆ ಜೆಟ್‌ಗಳು ಸೋತು ಬೀಳುತ್ತವೆ. ಬೋರಿನ ಮೋಟಾರ್ ಚೆನ್ನಾಗಿಯೇ ಓಡುತ್ತಿರುತ್ತದೆ, ನೀರೂ ಅಷ್ಟೇ ಬರುತ್ತಿರುತ್ತದೆ, ಆದರೆ ಒಡಕಿನಲ್ಲಿ ಸುಲಭವಾಗಿ ಹೊರಟುಹೋಗುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಒತ್ತಡ ಕಡಿಮೆಯಾದರೆ ಪಂಪ್ ಕೆಟ್ಟಿರಬಹುದು, ಇಲ್ಲವೇ ಪಂಪ್ ಹೀರುವ ಜಾಗ ಕಟ್ಟಿರಬಹುದು, ಆಯಿಲ್ ನೀರಾಗಿರಬಹುದು, ಎಲ್ಲೋ ಆಯಿಲ್ ಸುಲಭವಾಗಿ ಜಾರಿಹೋಗುತ್ತಿರಬಹುದು.

ಬೇರಿಂಗ್ ಸವೆದರೆ ಒತ್ತಡ ಏಕೆ ಇಳಿಯುತ್ತದೆ?

ಕ್ರ್ಯಾಂಕ್ ಶಾಫ್ಟ್ ಮತ್ತು ಬೇರಿಂಗ್ ನಡುವಿನ ಸಂದು ತೀರ ಚಿಕ್ಕದು. ಇಂಥ ಎಂಜಿನ್‌ಗಳಲ್ಲಿ ಅದು ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು. ಆ ಸಂದಿನಿಂದ ಆಯಿಲ್ ಸದಾ ಸ್ವಲ್ಪ ಸ್ವಲ್ಪ ಹೊರಬೀಳುತ್ತಿರುತ್ತದೆ. ಸಂದು ಎರಡು ಪಟ್ಟಾದರೆ ಹೊರಬೀಳುವ ಆಯಿಲ್ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು ಆಗುತ್ತದೆ, ಏಕೆಂದರೆ ಹರಿವು ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದಲೇ ಬೇರಿಂಗ್ ಸ್ವಲ್ಪ ಸವೆದರೂ ಮುಳ್ಳು ಎದ್ದು ಕಾಣುವಷ್ಟು ಇಳಿಯುತ್ತದೆ.

ಹಾಗಾದರೆ ಶಾಫ್ಟನ್ನು ಎತ್ತಿ ಹಿಡಿಯುವುದು ಮೀಟರ್ ತೋರಿಸುವ ಒತ್ತಡವೇ? ಅಲ್ಲ. ಇದನ್ನು ಪತ್ತೆ ಮಾಡಿದ ಕಥೆ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರ್ ಬೇರಿಂಗ್‌ಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. 1883ರ ವರದಿಯಲ್ಲಿ ಅವರು ಹೇಳಿದ್ದು ಇದು: ಆಯಿಲ್ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ರಂಧ್ರದಿಂದ, ಶಾಫ್ಟ್ ತಿರುಗುವಾಗ ಆಯಿಲ್ ಮೇಲಕ್ಕೆ ಉಕ್ಕಿ ಬಂತು. ರಂಧ್ರಕ್ಕೆ ಮರದ ಬೆಣೆ ಹೊಡೆದರೂ ಅದು ಹೊರಕ್ಕೆ ತಳ್ಳಲ್ಪಟ್ಟಿತು. ಅಲ್ಲಿ ಮೀಟರ್ ಇಟ್ಟು ನೋಡಿದಾಗ ಒತ್ತಡ 200 ಪಿಎಸ್‌ಐ ದಾಟಿತ್ತು. ಅದಕ್ಕೆ ಯಾವ ಪಂಪೂ ಇರಲಿಲ್ಲ! ತಿರುಗುವ ಶಾಫ್ಟೇ ಆಯಿಲನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು, ತನ್ನನ್ನು ತಾನೇ ತೇಲಿಸಿಕೊಳ್ಳುತ್ತದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು.

ಅಂದರೆ ಮೀಟರ್ ತೋರಿಸುವುದು ಶಾಫ್ಟನ್ನು ಹೊರುವ ಒತ್ತಡವನ್ನಲ್ಲ, ಬೇರಿಂಗ್‌ಗಳ ಬಾಗಿಲವರೆಗೆ ಆಯಿಲ್ ತಲುಪುತ್ತಿದೆಯೇ ಎಂಬುದನ್ನು. ಹಾಗೆಂದು ಅದನ್ನು ಕಡೆಗಣಿಸುವಂತಿಲ್ಲ. 1917ರ ಫೋರ್ಡ್‌ಸನ್ ಎಫ್ ಮಾದರಿಯ ಟ್ರಾಕ್ಟರಿನಲ್ಲಿ ಆಯಿಲ್ ಪಂಪೇ ಇರಲಿಲ್ಲ, ಆಯಿಲ್ ಎರಚಿಕೊಂಡೇ ಎಂಜಿನ್ ನಡೆಯುತ್ತಿತ್ತು. ಆದರೆ ಅದನ್ನು ಹಾಗೆಯೇ ವಿನ್ಯಾಸ ಮಾಡಿದ್ದರು. ಪಂಪ್ ನಂಬಿ ಕಟ್ಟಿದ ಎಂಜಿನ್ನಿನಲ್ಲಿ ಪೂರೈಕೆ ನಿಂತರೆ ಆ ಆಯಿಲ್ ಪದರ ಹರಿದು, ಲೋಹಕ್ಕೆ ಲೋಹ ತಾಗಿ, ಬೇರಿಂಗ್ ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು.

ಎಷ್ಟಿದ್ದರೆ ಕಡಿಮೆ ಎನ್ನಬೇಕು?

ಇದಕ್ಕೆ ಎಲ್ಲ ಟ್ರಾಕ್ಟರಿಗೂ ಹೊಂದುವ ಒಂದೇ ಉತ್ತರವಿಲ್ಲ. ಆಯಾ ಎಂಜಿನ್ನಿನ ಕೈಪಿಡಿಯೇ ಪ್ರಮಾಣ. ಉದಾಹರಣೆಗೆ, ಮ್ಯಾಸಿ ಫರ್ಗ್ಯುಸನ್ 35 ಟ್ರಾಕ್ಟರಿನಲ್ಲಿ ಬಳಸಿದ ಪರ್ಕಿನ್ಸ್‌ನ ಮೂರು ಸಿಲಿಂಡರ್ ಎಂಜಿನ್ನಿಗೆ, ಎಂಜಿನ್ ಬಿಸಿಯಾಗಿ ಪೂರ್ಣ ವೇಗದಲ್ಲಿರುವಾಗ 30ರಿಂದ 60 ಪಿಎಸ್‌ಐ ಇರಬೇಕು. "ಬಿಸಿಯಾಗಿ" ಮತ್ತು "ಪೂರ್ಣ ವೇಗದಲ್ಲಿ" ಎಂಬ ಎರಡು ಮಾತುಗಳನ್ನು ಗಮನಿಸಿ. ಬಿಸಿ ಎಂಜಿನ್ ನಿಧಾನವಾಗಿ ಓಡುವಾಗ, ಅಂದರೆ ಐಡಲಿಂಗ್‌ನಲ್ಲಿ, ಮುಳ್ಳು ಇದಕ್ಕಿಂತ ಸಾಕಷ್ಟು ಕೆಳಗಿರುವುದು ಸಹಜ.

ಬಿಸಿಯಾದಾಗ ಏಕೆ ಇಳಿಯುತ್ತದೆ? ಎಸ್‌ಎಇ 30 ದರ್ಜೆಯ ಸಾಮಾನ್ಯ ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವಷ್ಟು ಮಂದ 100 ಡಿಗ್ರಿಯಲ್ಲಿ ಇರುವುದಿಲ್ಲ. ಸುಮಾರು ಒಂಬತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು ಮೇಲಿದ್ದು ಮಧ್ಯಾಹ್ನದ ಉಳುಮೆಯಲ್ಲಿ ಕೆಳಗಿಳಿಯುವುದು ಇದರಿಂದಲೇ. ಹಾಗಾಗಿ ತಣ್ಣಗಿರುವ ಎಂಜಿನ್ನಿನ ಓದನ್ನು ನೋಡಿ ನೆಮ್ಮದಿಯಿಂದ ಇರುವುದೂ ತಪ್ಪು, ಬಿಸಿ ಐಡಲಿಂಗ್ ಓದನ್ನು ಮಾತ್ರ ನೋಡಿ ಗಾಬರಿಯಾಗುವುದೂ ತಪ್ಪು.

ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಸಾಕು ಎಂಬ ಲೆಕ್ಕವೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅದರ ಪ್ರಕಾರ 2000 ಆರ್‌ಪಿಎಂನಲ್ಲಿ 20 ಸಾಕು. ಆದರೆ ಮೇಲಿನ ಎಂಜಿನ್ನಿಗೆ ಕನಿಷ್ಠ 30 ಬೇಕು. ಅಂದಾಜಿನ ಲೆಕ್ಕ ಕೈಪಿಡಿಗೆ ಬದಲಾಗಲಾರದು.

ಮೀಟರಿನ ಅಳತೆ ಯಾವುದು ಎಂದೂ ನೋಡಿ. ಕೆಲವು ಮೀಟರುಗಳಲ್ಲಿ ಪಿಎಸ್‌ಐ, ಕೆಲವದರಲ್ಲಿ ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಇರುತ್ತದೆ. ಎರಡನೆಯ ಲೆಕ್ಕದ 1, ಪಿಎಸ್‌ಐ ಲೆಕ್ಕದಲ್ಲಿ ಸುಮಾರು 14. ಹಾಗಾಗಿ ಅಂಥ ಮೀಟರಿನಲ್ಲಿ ಮುಳ್ಳು 3ರಲ್ಲಿದ್ದರೆ ಅದು 43 ಪಿಎಸ್‌ಐ ಹತ್ತಿರ, ಅಂದರೆ ಒಳ್ಳೆಯ ಒತ್ತಡ.

ಮುಳ್ಳು ಬಿದ್ದ ಕೂಡಲೇ ಏನು ಮಾಡಬೇಕು?

ಎಂಜಿನ್ ನಿಲ್ಲಿಸಿ. ಸಾಲು ಮುಗಿಸಿ ನಿಲ್ಲಿಸೋಣ ಎನ್ನಬೇಡಿ. ಮೀಟರ್ ಸುಳ್ಳು ಹೇಳುತ್ತಿರಬಹುದು, ಆದರೆ ಅದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ತಿಳಿಯಬೇಕು. ಜೊತೆಗೆ ಕೆಳಗಿನಿಂದ ಕಟಕಟ ಎಂಬ ದಪ್ಪ ಸದ್ದು ಬರುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ಆಮೇಲೆ ಟ್ರಾಕ್ಟರನ್ನು ಸಮತಟ್ಟಾದ ಜಾಗಕ್ಕೆ ಎಳೆದು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡಿ. ಇದಕ್ಕೆ ಖರ್ಚಿಲ್ಲ, ಆದರೆ ಬಹಳಷ್ಟು ಮಂದಿ ಅರ್ಧ ಮಾತ್ರ ನೋಡುತ್ತಾರೆ. ಆಯಿಲ್ ಕೆಳಗಿನ ಗುರುತಿಗಿಂತ ಕಡಿಮೆ ಇದೆಯೇ ಎಂದಷ್ಟೇ ನೋಡಿ ಕಡ್ಡಿ ಒಳಗಿಡುತ್ತಾರೆ. ಮೇಲಿನ ಗುರುತಿಗಿಂತ ಹೆಚ್ಚಿದೆಯೇ ಎಂದೂ ನೋಡಬೇಕು.

ದೊಡ್ಡಪ್ಪನ ಟ್ರಾಕ್ಟರಿನಲ್ಲಿ ಆಗಿದ್ದು ಅದೇ. ಫೋನಿನಲ್ಲಿ ಕೇಳಿದಾಗ ಅವರು ಹೆಮ್ಮೆಯಿಂದ ಹೇಳಿದ್ದರು: "ಆಯಿಲ್ ಒಂದು ಹನಿ ತಿಂದಿಲ್ಲ, ಮ್ಯಾಲಿನ ಗೆರೀಗಿಂತ ಒಂದು ಬೆರಳು ಜಾಸ್ತೀನ ಐತಿ." ಹಳೆಯ ಎಂಜಿನ್ ಆಯಿಲ್ ತಿನ್ನುವುದು ಸಹಜ. ತಿನ್ನದೆ ಹೆಚ್ಚುತ್ತಿದೆ ಎಂದರೆ ಬೇರೆ ಏನೋ ಅದರೊಳಗೆ ಸೇರುತ್ತಿದೆ ಎಂದರ್ಥ. ಕಡ್ಡಿಯನ್ನು ಮೂಸಿ ನೋಡಲು ಹೇಳಿದೆವು. ಡೀಸೆಲ್ ವಾಸನೆ ಬಂತು.

ಡೀಸೆಲ್ ಆಯಿಲಿಗೆ ಹೇಗೆ ಸೇರುತ್ತದೆ?

ಅನೇಕ ಹಳೆಯ ಎಂಜಿನ್‌ಗಳಲ್ಲಿ ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪನ್ನು ಬ್ಲಾಕಿನ ಪಕ್ಕಕ್ಕೆ ಬೋಲ್ಟ್ ಮಾಡಿರುತ್ತಾರೆ. ಕ್ಯಾಮ್ ಶಾಫ್ಟ್ ಅದನ್ನು ನಡೆಸುತ್ತದೆ. ಅದರೊಳಗೆ ತೆಳುವಾದ ಡಯಾಫ್ರಾಮ್ ಇರುತ್ತದೆ. ಅದರ ಒಂದು ಕಡೆ ಡೀಸೆಲ್, ಇನ್ನೊಂದು ಕಡೆ ಎಂಜಿನ್ನಿನ ಒಳಭಾಗ. ವಯಸ್ಸಾಗಿ ಡಯಾಫ್ರಾಮ್ ಹರಿದರೆ ಡೀಸೆಲ್ ನೇರ ಚೇಂಬರಿಗೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಇಂಜೆಕ್ಟರ್ ಸರಿಯಾಗಿ ಸಿಡಿಸದೆ ಸೋರುತ್ತಿದ್ದರೂ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರಬಹುದು.

ಡೀಸೆಲ್ ಆಯಿಲಿಗಿಂತ ಹತ್ತಾರು ಪಟ್ಟು ತೆಳು. ಸ್ವಲ್ಪ ಬೆರೆತರೂ ಆಯಿಲಿನ ಜಿಗುಟು ಇಳಿದು, ಅದು ಬೇರಿಂಗ್ ಸಂದುಗಳಿಂದ ಸರಾಗವಾಗಿ ಜಾರುತ್ತದೆ, ಮುಳ್ಳು ಬೀಳುತ್ತದೆ. ಇದು ಮೀಟರಿನ ಸಮಸ್ಯೆ ಮಾತ್ರವಲ್ಲ. ತೆಳುವಾದ ಆಯಿಲ್ ಶಾಫ್ಟನ್ನು ತೇಲಿಸಲೂ ಸೋಲುತ್ತದೆ. ಚೇಂಬರ್ ಅತಿಯಾಗಿ ತುಂಬಿದರೆ ಆ ಮಿಶ್ರಣವನ್ನೇ ಎಂಜಿನ್ ಉರಿಸಿಕೊಂಡು ಹಿಡಿತ ತಪ್ಪಿ ಓಡುವ ಅಪಾಯವೂ ಇದೆ.

ಮನೆಯಲ್ಲೇ ಒಂದು ಸುಲಭ ಪರೀಕ್ಷೆ ಮಾಡಬಹುದು. ಹೀರುವ ಕಾಗದದ ಮೇಲೆ ಕಡ್ಡಿಯಿಂದ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ನಡುವಿನ ಕಪ್ಪು ಕಲೆಯ ಸುತ್ತ ತಿಳಿಯಾದ ಅಗಲ ಉಂಗುರ ಹರಡಿದರೆ ಡೀಸೆಲ್ ಸೇರಿರುವ ಅನುಮಾನ ಗಟ್ಟಿಯಾಗುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದು ನೀರು. ರೇಡಿಯೇಟರ್ ನೀರು ಗ್ಯಾಸ್ಕೆಟ್ ಅಥವಾ ಲೈನರ್ ಸೀಲಿನ ಮೂಲಕ ಇಳಿಯುತ್ತಿರಬಹುದು. ಎರಡರಲ್ಲಿ ಯಾವುದಾದರೂ ಸರಿ, ಕಾರಣ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಎಂಜಿನ್ ಚಾಲೂ ಮಾಡಬಾರದು.

ಮೀಟರ್ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಆಯಿಲಿನ ಮಟ್ಟ, ವಾಸನೆ, ಬಣ್ಣ ಎಲ್ಲ ಸರಿಯಿದ್ದರೆ ಮುಂದಿನ ಹೆಜ್ಜೆ ಮೀಟರನ್ನೇ ಪರೀಕ್ಷಿಸುವುದು. ದಶಕಗಳ ಕಾಲ ಅದುರಿದ ಮೀಟರ್ ಸರಿಯಾಗಿ ತೋರಿಸುತ್ತದೆ ಎಂಬ ಖಾತರಿ ಇಲ್ಲ. ಎಂಜಿನ್ ನಿಂತಿರುವಾಗಲೂ ಮುಳ್ಳು ಸೊನ್ನೆಗೆ ಬರದಿದ್ದರೆ, ಗಾಜಿಗೆ ಬೆರಳಿನಿಂದ ತಟ್ಟಿದಾಗ ಜಿಗಿದರೆ ಮೀಟರ್ ಹಾಳಾಗಿದೆ. ಮುಳ್ಳು ಏಳುವುದೂ ಇಳಿಯುವುದೂ ತೀರ ನಿಧಾನವಾದರೆ ಸಣ್ಣ ಕೊಳವೆಯಲ್ಲಿ ಮಡ್ಡಿ ಕಟ್ಟಿರಬಹುದು. ಮೂಲ ಮೀಟರ್ ತೆಗೆದು ವಿದ್ಯುತ್ ಮೀಟರ್ ಹಾಕಿಸಿದ್ದರೆ, ಎಂಜಿನ್ ಮೇಲಿನ ಸೆನ್ಸರ್ ಆ ಮೀಟರಿಗೆ ಹೊಂದುವಂಥದ್ದೇ, ಅರ್ಥಿಂಗ್ ಸರಿಯಿದೆಯೇ ಎಂದು ನೋಡಬೇಕು.

ನಂಬಬಹುದಾದ ದಾರಿ ಒಂದೇ. ಗ್ಯಾರೇಜಿನಲ್ಲಿ ಸಿಗುವ ಸರಿಯಾದ ಮೆಕ್ಯಾನಿಕಲ್ ಮೀಟರನ್ನು ಗ್ಯಾಲರಿಯ ಅದೇ ಜಾಗಕ್ಕೆ ಜೋಡಿಸಿ, ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಒಮ್ಮೆ, ಪೂರ್ಣ ವೇಗದಲ್ಲಿ ಒಮ್ಮೆ ಓದಿ ಬರೆದುಕೊಳ್ಳಿ. ಸ್ಟಾರ್ಟ್ ಮಾಡಿ ಕೆಲವು ಸೆಕೆಂಡುಗಳಲ್ಲಿ ಈ ಮೀಟರಿನ ಮುಳ್ಳೂ ಏಳದಿದ್ದರೆ ಕೂಡಲೇ ನಿಲ್ಲಿಸಿ. ಕೊಳವೆ ಬಿಗಿಯಾಗಿ ಕೂತಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಬಿಸಿ ಆಯಿಲ್ ಚಿಮ್ಮಿದರೆ ಮೈ ಸುಡುತ್ತದೆ.

ಮುಳ್ಳು ಬೀಳುವ ರೀತಿ ಏನು ಹೇಳುತ್ತದೆ?

ಮೀಟರ್ ಸರಿಯಿದ್ದೂ ಒತ್ತಡ ನಿಜವಾಗಿಯೂ ಕಡಿಮೆಯಿದ್ದರೆ, ಯಾವಾಗ ಕಡಿಮೆಯಾಗುತ್ತದೆ ಎಂಬುದೇ ದಾರಿ ತೋರಿಸುತ್ತದೆ.

• ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದಾಗ ಐಡಲಿಂಗ್‌ನಲ್ಲಿ ಬಿದ್ದು, ವೇಗ ಕೊಟ್ಟಾಗ ಏರಿದರೆ: ಆಯಿಲ್ ತೆಳುವಾಗಿದೆ, ಇಲ್ಲವೇ ಬೇರಿಂಗ್ ಅಥವಾ ಪಂಪ್ ಸವೆದಿದೆ.

• ವೇಗ ಕೊಟ್ಟರೂ ಒಂದು ಮಟ್ಟದಿಂದ ಮೇಲೇಳದಿದ್ದರೆ: ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ನಿಂತಿರಬಹುದು, ಅದರ ಸ್ಪ್ರಿಂಗ್ ಸೋತಿರಬಹುದು.

• ವೇಗ ಕೊಟ್ಟಾಗ ಏರುವ ಬದಲು ಇಳಿದರೆ ಅಥವಾ ಮುಳ್ಳು ನಡುಗಿದರೆ: ಪಂಪಿಗೆ ಆಯಿಲ್ ಸಾಲುತ್ತಿಲ್ಲ. ಜಾಲರಿ ಕಟ್ಟಿದೆ, ಇಲ್ಲವೇ ಹೀರುವ ಕೊಳವೆಯ ಜೋಡಣೆ ಸಡಿಲವಾಗಿ ಗಾಳಿ ಎಳೆಯುತ್ತಿದೆ.

• ಇಳಿಜಾರಿನಲ್ಲಿ, ತಿರುವಿನಲ್ಲಿ ಮಾತ್ರ ಬಿದ್ದರೆ: ಮೊದಲು ಆಯಿಲಿನ ಮಟ್ಟ ನೋಡಿ.

• ಆಯಿಲ್ ಬದಲಿಸಿದ ಕೂಡಲೇ ಸೊನ್ನೆ ತೋರಿಸಿದರೆ: ಹೊಸ ಫಿಲ್ಟರ್ ತುಂಬುವವರೆಗೆ ಕೆಲವು ಸೆಕೆಂಡು ತಡವಾಗುವುದು ಸಹಜ. ಅದಕ್ಕೂ ಮೀರಿದರೆ ನಿಲ್ಲಿಸಿ ಫಿಲ್ಟರ್ ಸೀಲ್ ನೋಡಿ.

ಎಂಜಿನ್ ಬಿಚ್ಚುವ ಮುನ್ನ ಇನ್ನೇನು ನೋಡಬಹುದು?

ಕೈಪಿಡಿ ಹೇಳುವ ದರ್ಜೆಯ ಹೊಸ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ ಮತ್ತೊಮ್ಮೆ ಅಳೆಯಿರಿ. ತೆಗೆದ ಫಿಲ್ಟರನ್ನು ಎಸೆಯಬೇಡಿ. ಅದರ ಕಾಗದವನ್ನು ಕತ್ತರಿಸಿ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಕಪ್ಪು ಮಸಿ ಇರುವುದು ಸಹಜ. ತಾಮ್ರದ ಬಣ್ಣದ ಅಥವಾ ಬೆಳ್ಳಗೆ ಹೊಳೆಯುವ ಚೂರುಗಳು ಕಂಡರೆ ಅವು ಬೇರಿಂಗಿನವು. ಬೇರಿಂಗ್ ಲೋಹ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ಅಯಸ್ಕಾಂತ ಆಡಿಸಿ ಏನೂ ಅಂಟಲಿಲ್ಲ ಎಂದು ನೆಮ್ಮದಿಪಡಬೇಡಿ.

ಆಮೇಲೆ ರಿಲೀಫ್ ವಾಲ್ವ್. ಒತ್ತಡ ಮಿತಿ ಮೀರಿದರೆ ಹೆಚ್ಚುವರಿ ಆಯಿಲನ್ನು ಚೇಂಬರಿಗೆ ಬಿಡುವುದು ಇದರ ಕೆಲಸ. ಕೆಲವು ಎಂಜಿನ್‌ಗಳಲ್ಲಿ ಇದು ಹೊರಗಿನಿಂದಲೇ ಕೈಗೆ ಸಿಗುತ್ತದೆ, ಕೆಲವದರಲ್ಲಿ ಪಂಪಿನ ಮೇಲೆಯೇ ಇರುತ್ತದೆ. ತೆಗೆದು ತೊಳೆದು, ವಾಲ್ವಿನ ಮೈಯಲ್ಲಿ ಗೀರು ಇದೆಯೇ, ಸ್ಪ್ರಿಂಗಿನ ಉದ್ದ ಕೈಪಿಡಿಯಷ್ಟಿದೆಯೇ ಎಂದು ನೋಡಬೇಕು.

ಇಷ್ಟಾದರೂ ಒತ್ತಡ ಏರದಿದ್ದರೆ ಮಾತ್ರ ಚೇಂಬರ್ ಇಳಿಸುವ ಮಾತು. ಅದು ಕೂಡ ಎಂಜಿನ್ ಪೂರ್ತಿ ಬಿಚ್ಚಿದಂತಲ್ಲ. ಜಾಲರಿ, ಹೀರುವ ಕೊಳವೆ, ಪಂಪಿನ ಸವೆತ ಎಲ್ಲ ಕೆಳಗಿನಿಂದಲೇ ಕಾಣುತ್ತದೆ. ಬೇರಿಂಗ್ ಕ್ಯಾಪ್‌ಗಳನ್ನು ಒಂದೊಂದಾಗಿ ತೆಗೆದು ಒಳಗಿನ ಶೆಲ್ ನೋಡಬಹುದು. ಮೇಲ್ಮೈ ಒಂದೇ ಸಮನೆ ಬೂದು ಬಣ್ಣವಿದ್ದರೆ ಒಳ್ಳೆಯದು, ಕೆಳಗಿನ ತಾಮ್ರ ಬಣ್ಣ ಇಣುಕುತ್ತಿದ್ದರೆ ಶೆಲ್ ಮುಗಿದಿದೆ. ಪ್ಲಾಸ್ಟಿಗೇಜ್ ಎಂಬ ಸಣ್ಣ ಪ್ಲಾಸ್ಟಿಕ್ ಎಳೆಯನ್ನು ಶಾಫ್ಟಿನ ಮೇಲಿಟ್ಟು ಕ್ಯಾಪ್ ಬಿಗಿದು ತೆಗೆದರೆ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂಬುದರಿಂದ ಸಂದು ಎಷ್ಟೆಂದು ತಿಳಿಯುತ್ತದೆ. ಶಾಫ್ಟ್ ನುಣುಪಾಗಿದ್ದು ಅಳತೆಯೊಳಗಿದ್ದರೆ ಹೊಸ ಶೆಲ್ ಹಾಕಿದರೆ ಸಾಕು. ಶಾಫ್ಟಿನಲ್ಲಿ ಉಗುರಿಗೆ ಸಿಗುವ ಗೀರುಗಳಿದ್ದರೆ ಮಾತ್ರ ಅದನ್ನು ಲೇತಿಗೆ ಕಳುಹಿಸಿ ಗ್ರೈಂಡ್ ಮಾಡಿಸಬೇಕು.

ಒಂದು ಎಚ್ಚರಿಕೆ: ಹಳೆಯ ಟ್ರಾಕ್ಟರುಗಳಲ್ಲಿ ಪ್ರತ್ಯೇಕ ಚಾಸಿ ಇರುವುದಿಲ್ಲ, ಎಂಜಿನ್ನೇ ಬೆನ್ನೆಲುಬು. ಕೆಲವದರಲ್ಲಿ ಎರಕದ ಚೇಂಬರ್ ಕೂಡ ಭಾರ ಹೊರುತ್ತದೆ. ಸರಿಯಾದ ಆಧಾರ ಕೊಡದೆ ಬೋಲ್ಟ್ ಸಡಿಲಿಸಿದರೆ ಜೀವಕ್ಕೇ ಅಪಾಯ. ಇದು ಅನುಭವಿ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆಯೇ?

ಅರ್ಧ ಸತ್ಯ. ದಪ್ಪ ಆಯಿಲಿಗೆ ಸಂದುಗಳಿಂದ ಜಾರುವುದು ಕಷ್ಟ, ಆದ್ದರಿಂದ ಮುಳ್ಳು ಏರುವುದು ನಿಜ. ಊರಿನ ಹವೆಗೆ ತಕ್ಕಂತೆ ಕೈಪಿಡಿಯೇ ಒಪ್ಪುವ ಮೇಲಿನ ದರ್ಜೆಗೆ ಹೋಗುವುದರಲ್ಲಿ ತಪ್ಪೂ ಇಲ್ಲ. ಆದರೆ ಅದನ್ನೂ ಮೀರಿ ದಪ್ಪ ಆಯಿಲ್ ಹಾಕಿದರೆ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಅದು ಬೇರಿಂಗ್ ತಲುಪುವುದು ತಡವಾಗುತ್ತದೆ. ಡೀಸೆಲ್ ಸೋರುತ್ತಿದ್ದರೆ ಆ ದಪ್ಪ ಆಯಿಲೂ ಕೆಲವೇ ದಿನಗಳಲ್ಲಿ ನೀರಾಗುತ್ತದೆ. ಅಷ್ಟರಲ್ಲಿ ಮುಳ್ಳು ಮೇಲಿದೆ ಎಂದು ನಾವು ಮೈಮರೆತಿರುತ್ತೇವೆ. ಜ್ವರಕ್ಕೆ ಮಾತ್ರೆ ನುಂಗಿ ಕಾರಣ ಹುಡುಕುವುದನ್ನು ಮರೆತಂತೆ ಇದು.

ರಿಲೀಫ್ ವಾಲ್ವ್ ಸ್ಪ್ರಿಂಗಿಗೆ ವಾಷರ್ ಕೊಟ್ಟರೆ?

ಹೆಚ್ಚಿನ ಸಂದರ್ಭದಲ್ಲಿ ಪ್ರಯೋಜನವಿಲ್ಲ. ಈ ವಾಲ್ವ್ ತೆರೆಯುವುದು ಒತ್ತಡ ಮಿತಿ ಮುಟ್ಟಿದಾಗ. ಒತ್ತಡ 15 ಪಿಎಸ್‌ಐ ಇರುವಾಗ ಸುಸ್ಥಿತಿಯಲ್ಲಿರುವ ವಾಲ್ವ್ ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲನ್ನು ಇನ್ನೂ ಬಿಗಿದು ಪ್ರಯೋಜನವೇನು? ಬದಲಿಗೆ, ತಣ್ಣಗಿರುವಾಗ ಒತ್ತಡ ಮಿತಿಮೀರಿ ಫಿಲ್ಟರ್ ಸೀಲ್ ಹರಿಯಬಹುದು. ಸ್ಪ್ರಿಂಗ್ ಸೋತಿದ್ದರೆ ಹೊಸದನ್ನೇ ಹಾಕಬೇಕು.

ಆಯಿಲ್ ಕಪ್ಪಾದರೆ ಒತ್ತಡ ಇಳಿಯುತ್ತದೆಯೇ?

ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಕೆಲವು ಗಂಟೆಗಳಲ್ಲೇ ಕಪ್ಪಾಗುತ್ತದೆ. ಹೊಗೆಯ ಮಸಿಯನ್ನು ಒಂದೆಡೆ ಮಡ್ಡಿಗಟ್ಟಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರುವುದು ಆಯಿಲಿನ ಗುಣ. ಬಣ್ಣ ನೋಡಿ ಒತ್ತಡ ಹೇಳಲು ಬರುವುದಿಲ್ಲ. ಆದರೆ ಗಂಟೆಗಳ ಲೆಕ್ಕದಲ್ಲಿ ಆಯಿಲ್ ಬದಲಿಸುವುದನ್ನು ತಪ್ಪಿಸಬಾರದು.

ಕೊನೆಗೆ ಆ ಟ್ರಾಕ್ಟರಿಗೆ ಏನಾಯಿತು?

ಪಕ್ಕದ ತಾಲ್ಲೂಕಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಫೀಡ್ ಪಂಪ್ ಇಳಿಸಿದರು. ಡಯಾಫ್ರಾಮ್ ಅಂಚಿನಲ್ಲಿ ಹರಿದಿತ್ತು. ಅದನ್ನು ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿ, ತಮ್ಮ ಮೀಟರ್ ಜೋಡಿಸಿದರು. ಬಿಸಿ ಎಂಜಿನ್ನಿನ ಪೂರ್ಣ ವೇಗದಲ್ಲಿ ಅದು 33 ಪಿಎಸ್‌ಐ ತೋರಿಸಿತು. ಡ್ಯಾಶ್‌ಬೋರ್ಡಿನ ಹಳೆಯ ಮೀಟರ್ ಅದೇ ಹೊತ್ತಿಗೆ ತೋರಿಸಿದ್ದು ಅದರ ಅರ್ಧ! ಅಂದರೆ ಎರಡು ತೊಂದರೆಗಳು ಒಟ್ಟಿಗೆ ಇದ್ದವು. ಆಯಿಲ್ ನಿಜವಾಗಿಯೂ ತೆಳುವಾಗಿತ್ತು, ಮೀಟರ್ ಅದನ್ನು ಇನ್ನಷ್ಟು ಕೆಟ್ಟದಾಗಿ ತೋರಿಸುತ್ತಿತ್ತು. ಹಳೆಯ ಫಿಲ್ಟರಿನ ಕಾಗದದಲ್ಲಿ ಮಸಿ ಇತ್ತು, ತಾಮ್ರದ ಹೊಳಪು ಇರಲಿಲ್ಲ.

ಬಿತ್ತನೆ ನಡೆಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಥ ಎಂಜಿನ್ನಿಗೆ 30 ಕನಿಷ್ಠವಾದರೆ 33 ಎಂಬುದು ಅಂಚಿನ ಅಂಕೆ. ಬೇರಿಂಗ್ ಸ್ವಲ್ಪ ಸವೆದಿರುವುದು ಇದರಿಂದ ಗೊತ್ತಾಗುತ್ತಿತ್ತು. ದೊಡ್ಡಪ್ಪ ಹೊಸ ಮೀಟರ್ ಹಾಕಿಸಿ, ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವಾರಕ್ಕೊಮ್ಮೆ ಅಂಕೆ ಬರೆದಿಟ್ಟರು. ಸುಗ್ಗಿ ಮುಗಿದ ಮೇಲೆ, ಬಿಡುವಿನಲ್ಲಿ ಚೇಂಬರ್ ಇಳಿಸಿ ಶೆಲ್ ಬದಲಿಸಲಾಯಿತು. ಶಾಫ್ಟ್ ಗ್ರೈಂಡ್ ಮಾಡಿಸುವ ಪ್ರಮೇಯ ಬರಲಿಲ್ಲ.

ಎಂಜಿನ್ ಬೋರಿಗೆ ಬಂದಿದೆ ಎಂದ ಮೊದಲ ಮೇಸ್ತ್ರಿ ಪೂರ್ತಿ ಸುಳ್ಳು ಹೇಳಿರಲಿಲ್ಲ, ಅಳೆಯದೆ ಹೇಳಿದ್ದರು ಅಷ್ಟೇ. ಆ ಮಾತು ನಂಬಿ ಎಂಜಿನ್ ಬಿಚ್ಚಿ, ಫೀಡ್ ಪಂಪನ್ನು ಹಾಗೆಯೇ ಮರಳಿ ಕೂರಿಸಿದ್ದರೆ, ಹೊಸ ಬೇರಿಂಗ್‌ಗಳೂ ಡೀಸೆಲ್ ಬೆರೆತ ಆಯಿಲಿನಲ್ಲೇ ತಿರುಗಬೇಕಿತ್ತು.

ಕೊನೆಯ ಮಾತು

ಹಳೆಯ ಟ್ರಾಕ್ಟರಿನ ಆಯಿಲ್ ಮುಳ್ಳು ಬಿದ್ದರೆ ಎಂಜಿನ್ ಬೋರಿಗೆ ಬಂದಿದೆ ಎಂಬುದು ಎಲ್ಲ ಸಂದರ್ಭದಲ್ಲೂ ನಿಜವಲ್ಲ. ಎಂಜಿನ್ ನಿಲ್ಲಿಸಿ. ಕಡ್ಡಿ ಎಳೆದು ಮಟ್ಟ ನೋಡಿ, ಮೂಸಿ ನೋಡಿ. ಇನ್ನೊಂದು ಮೀಟರಿನಿಂದ ಬಿಸಿ ಎಂಜಿನ್ನಿನಲ್ಲಿ ಅಳೆಯಿರಿ. ಆಯಿಲ್, ಫಿಲ್ಟರ್, ರಿಲೀಫ್ ವಾಲ್ವ್ ನೋಡಿದ ಮೇಲೆ ಚೇಂಬರ್ ಇಳಿಸಿ. ಈ ಸರದಿ ತಪ್ಪಿಸಬೇಡಿ. ಟ್ರಾಕ್ಟರ್ ಚೆನ್ನಾಗಿರುವಾಗಲೇ ಬಿಸಿ ಎಂಜಿನ್ನಿನ ಒತ್ತಡ ಎಷ್ಟೆಂದು ಒಂದು ಕಡೆ ಬರೆದಿಡಿ. ಮುಂದೊಂದು ದಿನ ಮುಳ್ಳು ಇಳಿದಾಗ, ಎಷ್ಟು ಇಳಿದಿದೆ ಎಂದು ಹೇಳಲು ಆ ಅಂಕೆ ಬೇಕಾಗುತ್ತದೆ.